ಉಪ್ವಾಸದ ರಕ್ತ

ನಮ್ಮ ಕಡೆ ಉಪವಾಸ ಎಂದರೆ ಊಟ ಬಿಡುವುದಲ್ಲ, ಊಟ ಬದಲಿಸುವುದು. ರೊಟ್ಟಿ, ಅನ್ನ ಮುಟ್ಟಲಿಲ್ಲ ಎಂದರೆ ಆಯಿತು, ಉಪವಾಸ ಗಟ್ಟಿ. ಆಮೇಲೆ ಸಾಬೂದಾನಿ ಉಸುಳಿ ತಿನ್ನಿ, ಕುದಿಸಿದ ಗೆಣಸಿಗೆ ಬೆಲ್ಲ ಹಚ್ಚಿಕೊಂಡು ತಿನ್ನಿ, ಶೇಂಗಾ ಉಂಡಿ, ಬಾಳೆಹಣ್ಣು, ಖರ್ಜೂರ, ಲೋಟ ತುಂಬ ಹಾಲು, ಶಿವ ಒಂದಕ್ಕೂ ಬೇಡ ಎನ್ನುವುದಿಲ್ಲ. ನಮ್ಮಪ್ಪ ಶಿವರಾತ್ರಿಯ ಮಾರನೆಯ ದಿನ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದ, ಹಸಿವಿನಿಂದಲ್ಲ, ಅಜೀರ್ಣದಿಂದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಉಪವಾಸ ಎನ್ನುವ ಅದೇ ಶಬ್ದ ಒಂದು ದಿನ ನನ್ನ ಬಾಳಿಗೆ ಬೆಂಕಿ ಇಡುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಅಪ್ಪ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಡ್ಯಾಮಿನ ಕಾಲೊನಿಯ ಕ್ವಾರ್ಟರ್ಸಿನಲ್ಲಿ ನಾವು ಮೂರೇ ಮಂದಿ, ಅಪ್ಪ, ಅವ್ವ, ನಾನು. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿಗೆ ಆದ ಒಂದು ಸಣ್ಣ ಗಾಯ ಮಾಯದೆ ಮಾಯದೆ ಕಡೆಗೆ ಅವನನ್ನೇ ತೆಗೆದುಕೊಂಡು ಹೋಯಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನಾಗ ಶಿಕ್ಷಕಿಯ ತರಬೇತಿ ಮುಗಿಸಿ ನೌಕರಿಯ ಆರ್ಡರಿಗೆ ಕಾಯುತ್ತಿದ್ದೆ. ನೌಕರಿಗಿಂತ ಹೆಚ್ಚಾಗಿ ಮದುವೆಗೆ ಕಾಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಮದುವೆ ಯಾರ ಜೊತೆ ಎನ್ನುವುದು ನಾನು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನವಾಗಿತ್ತು. ಅವ್ವನ ತವರು ಹುಲಿಹೈದರ. ಅವಳಿಗೆ ಒಬ್ಬನೇ ತಮ್ಮ, ನನಗಿಂತ ಆರೇಳು ವರ್ಷ ದೊಡ್ಡವನು. ಅವನು ಮನೆಗೆ ಬಂದರೆ ನೆರೆಮನೆಯ ಹೆಂಗಸರು, "ನಿನ್ನ ಗಂಡ ಬಂದಾನ ನೋಡ್ಲೇ, ನೀರು ಕೊಡು ಹೋಗು," ಎಂದು ಕಾಡುತ್ತಿದ್ದರು. ಕಾಲುವೆ ದಂಡೆಯ ಮೇಲೆ ನನಗೆ ಸೈಕಲ್ ಕಲಿಸಿದವನು ಅವನೇ. ನಾನು ಬಿದ್ದಾಗ ಮೊಣಕಾಲಿನ ಮಣ್ಣು ಒರೆಸಿ, "ಅಳಬ್ಯಾಡ, ನಾ ಹಿಂದ ಹಿಡಕೊಂಡೀನಿ," ಎನ್ನುತ್ತಿದ್ದ. ನನಗೆ ಮಾಮಾ ಎಂದರೆ ಪ್ರಾಣ. ಅವನಿಗೂ ನಾನೆಂದರೆ ಹಾಗೇ ಎಂದುಕೊಂಡಿದ್ದೆ.

ಮಾಮಾ ಬಳ್ಳಾರಿಯಲ್ಲಿ ರಕ್ತ ಪರೀಕ್ಷೆಯ ಕೆಲಸ ಕಲಿತು, ಗಂಗಾವತಿಯ ಒಬ್ಬ ಡಾಕ್ಟರರ ಹತ್ತಿರ ಲ್ಯಾಬಿನ ಕೆಲಸಕ್ಕೆ ನಿಂತಿದ್ದ. ಅಪ್ಪನಿಗೆ ಔಷಧ ಕೊಟ್ಟವರೂ ಆ ಡಾಕ್ಟರರೇ. ಅವರಿಗೆ ಒಂದು ಹುಚ್ಚು ಇತ್ತು. ಮನುಷ್ಯನಿಗೆ ಇರುವಂತೆ ಅವನ ರಕ್ತಕ್ಕೂ ದಿನಚರಿ ಇದೆ ಎನ್ನುವರು. ಉಂಡಾಗ ಸಕ್ಕರೆ ಏರಬೇಕು, ಹೊತ್ತು ಹೋದಂತೆ ಇಳಿಯಬೇಕು, ನಸುಕಿನಲ್ಲಿ ತನ್ನಷ್ಟಕ್ಕೆ ತಾನೇ ಚೂರು ತಲೆ ಎತ್ತಬೇಕು. ಒಮ್ಮೆ ಚುಚ್ಚಿ ನೋಡಿದರೆ ಏನು ತಿಳಿದೀತು, ಇಡೀ ದಿನ ಅದರ ಬೆನ್ನು ಹತ್ತಬೇಕು ಎನ್ನುವುದು ಅವರ ವಾದ. ಕೋಣೆಯ ಗೋಡೆಯ ತುಂಬ ಚೌಕಳಿ ಹಾಳೆ ಅಂಟಿಸಿ ಕೆಂಪು ಪೆನ್ಸಿಲಿನಲ್ಲಿ ಏರಿಳಿತದ ಗೆರೆ ಎಳೆದಿದ್ದರು. "ಇದು ಅಕ್ಕಿ ಗಿರಣಿ ಹಮಾಲಂದು ನೋಡ್ರಿ, ಚೀಲಾ ಹೊರೂ ಹೊತ್ತಿಗೆ ಹೆಂಗ ಇಳದೈತಿ," ಎಂದು ಬಂದವರಿಗೆಲ್ಲ ತೋರಿಸುವರು. ಸಕ್ಕರೆ ಕಾಯಿಲೆಯಿಂದ ಸತ್ತವರ ಮಕ್ಕಳ ರಕ್ತ ಯಾವ ತಾಳ ಹಾಕುತ್ತದೆ ನೋಡಬೇಕೆಂದು ಅವರಿಗೆ ಆಸೆ ಹುಟ್ಟಿತಂತೆ. ಮಾಮಾ ನನ್ನ ಹೆಸರು ಹೇಳಿದ.

ಅದನ್ನು ಹೇಳಲಿಕ್ಕೆ ಅವನೇ ಮುನಿರಾಬಾದಿಗೆ ಬಂದ. "ಒಂದು ದಿನದ್ದು ಸಾಲೂದಿಲ್ಲಂತ. ಎರಡು ದಿನ ನೋಡ್ತಾರ. ನೀವಿಬ್ರೂ ಬಂದು ನಮ್ಮ ಮನ್ಯಾಗ ಇರ್ರಿ," ಎಂದು ಅವ್ವನಿಗೆ ಹೇಳಿ ನನ್ನ ಕಡೆ ತಿರುಗಿದ. "ಎರಡೂ ದಿನ ಮುಂಜಾನಿ ಉಪ್ವಾಸ ಇದ್ದು ಬರಬೇಕು ನೋಡು."

"ಉಪ್ವಾಸ ಅಂದ್ರ, ಶಿವರಾತ್ರಿಗೆ ಇರ್ತೀವಲ್ಲ, ಹಂಗೇನು?" ಎಂದು ಅವ್ವ ಕೇಳಿದಳು.

"ಹೂಂ ಅಕ್ಕಾ, ಹಂಗ," ಎಂದ ಮಾಮಾ.

ಗಂಗಾವತಿಯಲ್ಲಿ ಅವನದು ಎರಡು ಕೋಣೆಯ ಬಾಡಿಗೆ ಮನೆ. ಹಿಂದೆ ಗಿರಣಿ, ಬಾಗಿಲು ತೆರೆದರೆ ಸಾಕು, ಭತ್ತದ ಹೊಟ್ಟಿನ ದೂಳು ಒಳಗೆ ಬರುತ್ತಿತ್ತು. ಅವ್ವ ಬೆಳಕು ಹರಿಯುವ ಮೊದಲೇ ಎದ್ದು ಒಗ್ಗರಣೆ ಹಾಕಿದ್ದಳು. ಸಾಬೂದಾನಿ ಉಸುಳಿ, ಬೆಲ್ಲ ಹಾಕಿ ಕುದಿಸಿದ ಗೆಣಸು, ಹಾಲು. ನಾನು ಸಾಕೆಂದು ಕೈ ಅಡ್ಡ ಹಿಡಿದರೂ ಬಿಡದೆ ಇನ್ನೊಂದು ಸೌಟು ಹಾಕಿ, "ದಿನಾಪೂರ್ತಿ ರಕ್ತ ತಗೀತಾರ, ಗಟ್ಟಿ ತಿನ್ನು," ಎಂದಳು. ಎಷ್ಟು ಅಕ್ಕರೆ ನಮ್ಮವ್ವಗೆ ಎಂದು ನನ್ನ ಕಣ್ಣು ತುಂಬಿ ಬಂದಿತ್ತು.

ದವಾಖಾನೆಯಲ್ಲಿ ನನಗಿಂತ ಮುಂದೆ ಒಬ್ಬ ಮುದುಕ ಕುಳಿತಿದ್ದ. ಬರುವ ದಾರಿಯಲ್ಲಿ ಅರ್ಧ ಕಪ್ ಚಾ ಕುಡಿದೆ ಎಂದು ಹೇಳಿದ್ದೇ ತಡ, ಮಾಮಾ ಅವನ ಮೇಲೆ ಹರಿಹಾಯ್ದ. "ಚಾ ಕುಡದ್ರ ನಡೀತೈತೇನ್ರಿ ಅಜ್ಜಾರ? ಬರೇ ಹೊಟ್ಟೀಲೆ ಅಂದ್ರ ಬರೇ ಹೊಟ್ಟೀಲೆ! ನೀರು ಬಿಟ್ಟು ಏನೂ ಒಳಗ ಹೋಗಬಾರ್ದು. ಎದ್ದು ನಡೀರಿ, ನಾಳಿ ಬರ್ರಿ." ಪಾಪ, ಮುದುಕ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ನನಗೆ ಸ್ವಲ್ಪ ಅಳುಕಾಯಿತು. ತೋಳಿಗೆ ರಬ್ಬರ್ ಪಟ್ಟಿ ಕಟ್ಟುವಾಗ ಮೆಲ್ಲಗೆ, "ಮಾಮಾ, ನಾ ಹಾಲು ಕುಡದೀನಿ, ಉಸುಳಿ ತಿಂದೀನಿ, ನಡೀತೈತಿಲ್ಲ?" ಎಂದೆ.

ಅವನು ತಲೆ ಎತ್ತಲಿಲ್ಲ. "ನಿನಗ ನಡೀತೈತಿ," ಎಂದ.

ಮುದುಕ ರೋಗಿ, ನಾನು ರೋಗಿಯಲ್ಲ, ಅದಕ್ಕೇ ನನಗೆ ಕಟ್ಟುನಿಟ್ಟು ಕಡಿಮೆ ಎಂದು ನನ್ನಷ್ಟಕ್ಕೆ ನಾನೇ ಅರ್ಥ ಮಾಡಿಕೊಂಡೆ. ನಮ್ಮ ಮಂದಿ ಒಳಗಿದ್ದರೆ ಇಷ್ಟಾದರೂ ಸಡಿಲು ಸಿಗಬೇಡವೇ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಅಯ್ಯೋ ನನ್ನ ಹೆಮ್ಮೆಯೇ! ಆಮೇಲೆ ಡಾಕ್ಟರರು ಬಂದು, "ಉಪವಾಸ ಇದ್ದು ಬಂದೀ ಏನ್ ತಂಗಿ?" ಎಂದು ಕೇಳಿದಾಗ ಧೈರ್ಯವಾಗಿ, "ಹೂಂ ರೀ ಸರ," ಎಂದೆ. ನನ್ನ ಲೆಕ್ಕದಲ್ಲಿ ಅದು ಸತ್ಯವೇ.

ಆ ಎರಡು ದಿನ ಊಟಕ್ಕೆ ಮುಂಚೆ, ಊಟವಾದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಹೀಗೆ ಕರೆಕರೆದು ರಕ್ತ ತೆಗೆದರು. ಗಾಜಿನ ಸಿರಿಂಜು ಸ್ಟೋವಿನ ಮೇಲೆ ಕುದಿಯುತ್ತಲೇ ಇತ್ತು. ಮಾಮಾ ನನ್ನ ರಕ್ತಕ್ಕೆ ಏನೇನೋ ಬೆರೆಸಿ ಗಾಜಿನ ನಳಿಗೆಯಲ್ಲಿ ಕಾಯಿಸುವನು, ಅದು ನೀಲಿಯಾಗುವುದು. ನೀಲಿ ಎಷ್ಟು ದಟ್ಟವೋ ಸಕ್ಕರೆ ಅಷ್ಟು. ಅವನು ಕಿಟಕಿಯ ಬೆಳಕಿಗೆ ನಳಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುವುದನ್ನು ನಾನು ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದೆ. ನನ್ನ ಗಂಡನಾಗುವವನು ನನ್ನ ರಕ್ತವನ್ನೇ ಓದುತ್ತಿದ್ದಾನೆ ಎಂದು ಮೈ ಜುಮ್ಮೆನ್ನುತ್ತಿತ್ತು. ಹುಚ್ಚಿ!

ಡಾಕ್ಟರರು ನನ್ನ ಗೆರೆ ಎಳೆದು ಮುಂದಿಟ್ಟರು. "ಮುಂಜಾನಿ ತಳದಾಗ ಇರಬೇಕಾದ್ದು ಮ್ಯಾಲೆ ಹತ್ತಿ ಕುಂತೈತಿ. ಎರಡೂ ದಿನ ಹಂಗ ಐತಿ. ಮಧ್ಯಾಹ್ನದ್ದು ಅಡ್ಡಿ ಇಲ್ಲ, ಆದ್ರ ಬುಡಾನ ಸರಿ ಇಲ್ಲ. ಇಂಥಾ ಗೆರಿ ನಾ ಈವರೆಗೆ ನೋಡಿಲ್ಲ ಬಿಡು," ಎಂದರು. ನೋಡಿರಲಿಕ್ಕಿಲ್ಲ. ಹೊಟ್ಟೆ ತುಂಬ ಗೆಣಸು ತಿಂದು ಬಂದು ಉಪವಾಸ ಎಂದವಳ ಗೆರೆ ಅದು. ಅವರಿಗೆ ಹೇಳುವವರು ಯಾರು? ನನಗೆ ತಿಳಿದಿರಲಿಲ್ಲ, ತಿಳಿದವನು ಪಕ್ಕದಲ್ಲೇ ನಿಂತು ಸಿರಿಂಜು ತೊಳೆಯುತ್ತಿದ್ದ. "ನಿಮ್ಮಪ್ಪನ ಹಾದಿ ಹಿಡದೈತಿ ನಿನ್ನ ರಕ್ತ. ಈಗ ಗುಳಗಿ ಬ್ಯಾಡ, ಪಥ್ಯ ಸಾಕು. ಹೊತ್ತಿಗೆ ಸರಿಯಾಗಿ ಉಣ್ಣು, ಸಿಹಿ ಮುಟ್ಟಬ್ಯಾಡ," ಎಂದರು ಡಾಕ್ಟರರು. ಅವ್ವ ಅಲ್ಲೇ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು.

ಹುಲಿಹೈದರದ ಮನೆಯ ಪಡಸಾಲೆಯಲ್ಲಿ ನಮ್ಮ ಮದುವೆಯ ಮಾತಿಗೆ ಹಿರಿಯರು ಕೂತರು. ಮಾಮಾ ತಲೆ ತಗ್ಗಿಸಿ, "ಮಕ್ಕಳಿಗೂ ಬರ್ತೈತಿ ಅಂತಾರ್ರಿ. ನನ್ನ ಕೈಲೇ ರಕ್ತ ನೋಡೀನಿ, ಸುಳ್ಳು ಹೆಂಗ ಹೇಳ್ಲಿ?" ಎಂದ. ಯಾರಿಗೂ ಯಾರ ಮೇಲೂ ಸಿಟ್ಟು ಬರಲಿಲ್ಲ. "ರಕ್ತಾನ ಒಲ್ಲೆ ಅಂದಮ್ಯಾಲೆ ಯಾರೇನ್ ಮಾಡಾಕ ಬರ್ತೈತಿ," ಎಂದು ಒಬ್ಬ ಹಿರಿಯ ಎಲೆ ಅಡಿಕೆ ಹಾಕಿಕೊಂಡ. ಅವ್ವ ಸೆರಗು ಮುಖದ ಮೇಲೆ ಎಳೆದುಕೊಂಡು ಕುಳಿತಿದ್ದಳು. ನಾನು ಬಾಗಿಲ ಸಂದಿಯಲ್ಲಿ ನಿಂತು ಮಾಮಾ ಒಮ್ಮೆಯಾದರೂ ಈ ಕಡೆ ನೋಡುತ್ತಾನೇನೋ ಎಂದು ಕಾಯ್ದೆ. ನೋಡಲಿಲ್ಲ.

ಆ ಬೇಸಿಗೆಯಲ್ಲೇ ಅವನ ಮದುವೆಯಾಯಿತು. ಹುಡುಗಿ ಕುಷ್ಟಗಿಯವಳು, ಬಳ್ಳಾರಿಯಲ್ಲಿ ಅವನ ಜೊತೆಗೇ ಕಲಿತವಳು. ಹಾಗೆ ಜೊತೆಗೆ ಕಲಿತವಳು ಒಬ್ಬಳಿದ್ದಾಳೆ ಎನ್ನುವುದೇ ನನಗೆ ಲಗ್ನದ ಮನೆಯಲ್ಲಿ ಗೊತ್ತಾದದ್ದು. ಊಟದ ಪಂಕ್ತಿಯಲ್ಲಿ ನನ್ನ ಎಲೆಗೆ ಹೋಳಿಗೆ ಬಿತ್ತು. ಪಕ್ಕದಲ್ಲಿ ಕುಳಿತ ಅವ್ವ ಕೈ ಚಾಚಿ ಅದನ್ನು ಎತ್ತಿ ತನ್ನ ಎಲೆಗೆ ಹಾಕಿಕೊಂಡಳು. "ನಿನಗ ಬ್ಯಾಡವ್ವಾ," ಎಂದಳು.

ನನಗೆ ನೌಕರಿ ಸಿಕ್ಕಿದ್ದು ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ. ಊರ ಹೆಸರು ಕೇಳಿ ದೂರದವರು, "ಸಮುದ್ರ ಹೆಂಗೈತ್ರಿ ಟೀಚರ್?" ಎನ್ನುವರು. "ಇಲ್ಲಿ ಕೊಡಪಾನ ಹಿಡಕೊಂಡು ಪಾಳಿ ನಿಂದರಬೇಕ್ರಿ, ಸಮುದ್ರ ಎಲ್ಲಿಂದ ತರೂದು," ಎಂದು ನಾನು ಅನ್ನುತ್ತಿದ್ದೆ. ಅವ್ವ ನನ್ನ ಜೊತೆಗೇ ಬಂದು ಇದ್ದಳು. ಹೆಣ್ಣು ನೋಡಲು ಬಂದವರು ಇಲ್ಲವೆಂದಲ್ಲ. ಚಾ ಕುಡಿಯುವರು, ಸಂಬಳ ಕೇಳುವರು, ಊರಿಗೆ ಹೋಗಿ ಹೇಳಿ ಕಳಿಸುವರು, "ಹುಡುಗಿ ಛಲೋ ಅದಾಳ, ಆದ್ರ ಸಕ್ರಿ ಐತಂತ." ನಮ್ಮ ಬಳಗದಲ್ಲಿ ನನ್ನ ಹೆಸರಿಗಿಂತ ನನ್ನ ರೋಗ ಮುಂದೆ ನಡೆಯುತ್ತಿತ್ತು. ಕ್ರಮೇಣ ಬರುವವರೂ ನಿಂತರು.

ನಾನು ಡಾಕ್ಟರರು ಹೇಳಿದಂತೆ ಗಡಿಯಾರ ನೋಡಿಕೊಂಡು ಬದುಕಿದೆ. ಹೊತ್ತಿಗೆ ಸರಿಯಾಗಿ ರೊಟ್ಟಿ, ಹೊತ್ತಿಗೆ ಸರಿಯಾಗಿ ಸಪ್ಪನೆಯ ಚಾ. ಶಾಲೆಯಲ್ಲಿ ಎರಡನೆಯ ಗಂಟೆ ಹೊಡೆಯುವ ಹೊತ್ತಿಗೆ ನನ್ನ ಕೈ ನಡುಗುತ್ತಿತ್ತು, ಖರೇನೇ ನಡುಗುತ್ತಿತ್ತು, ಈಗ ಸಕ್ಕರೆ ಇಳಿಯುತ್ತಿದೆ ಎಂದು ಕುರ್ಚಿ ಹಿಡಿದು ಕೂರುತ್ತಿದ್ದೆ. ಸಂಜೆ ಕಾಲು ಜೋಮು ಹಿಡಿದರೆ ಅಪ್ಪನ ಕಾಲು ನೆನಪಾಗಿ ಜೀವ ಹಾರುತ್ತಿತ್ತು. ಪಂಚಮಿಗೆ ಓಣಿಯವರು ಉಂಡಿ ತಂದರೆ ಅವ್ವ ಬಾಗಿಲಲ್ಲೇ ತಡೆದು, "ನಮ್ಮ ಹುಡುಗಿಗೆ ಆಗಂಗಿಲ್ರಿ," ಎಂದು ಕಳಿಸುತ್ತಿದ್ದಳು. ಮತ್ತೆ ಪರೀಕ್ಷೆ ಮಾಡಿಸು ಎಂದು ಜೊತೆಯ ಶಿಕ್ಷಕಿಯರು ಹೇಳಿದರೆ ನನಗೆ ರೇಗುತ್ತಿತ್ತು. ಇರುವ ರೋಗವನ್ನು ಕೇಳಿ ಕೇಳಿ ತಿಳಿದುಕೊಳ್ಳುವುದೇನು?

ಎಂಬತ್ತರ ದಶಕವೂ ಮುಗಿಯಲು ಬಂದಿತ್ತು. ಹೊಟ್ಟೆಯ ಬಲಗಡೆ ನೋವು ಎದ್ದು, ಕೊಪ್ಪಳಕ್ಕೆ ಹೋದರೆ ಅಪೆಂಡಿಕ್ಸು, ಆಪರೇಷನ್ ಮಾಡಬೇಕು ಎಂದರು. ಅದಕ್ಕೆ ಮೊದಲು ರಕ್ತ ನೋಡಬೇಕಿತ್ತು. ನನಗೆ ಸಕ್ಕರೆ ಇದೆ, ಉಪವಾಸ ಇದ್ದೇ ಬಂದಿದ್ದೇನೆ ಎಂದು ಅಲ್ಲಿಯ ಲ್ಯಾಬಿನ ಹುಡುಗಿಗೆ ಹೇಳಿದೆ.

"ಏನೂ ತಿಂದಿಲ್ಲ ಹೌದಿಲ್ರಿ?" ಎಂದಳು.

"ಇಲ್ರಿ, ಒಂದೀಟು ಸಾಬೂದಾನಿ, ಒಂದು ಲೋಟ ಹಾಲು ಅಷ್ಟ."

ಹುಡುಗಿ ಸೂಜಿ ಕೆಳಗಿಟ್ಟು ನಗತೊಡಗಿದಳು. "ಟೀಚರ್ ಆಗಿ ನೀವೂ ಹಿಂಗ ಮಾಡಿದ್ರ ಹೆಂಗ್ರಿ? ರಕ್ತಕ್ಕೇನು ಶಿವರಾತ್ರಿ ಗೊತ್ತೈತೇನು? ಸಾಬೂದಾನಿನೂ ಸಕ್ರೀನ, ರೊಟ್ಟೀನೂ ಸಕ್ರೀನ ಅದಕ್ಕ. ಇದಕ್ಕ ನೋಡ್ರಿ, ನಾವು ಲ್ಯಾಬಿನವ್ರು ಯಾರಿಗೂ ಉಪ್ವಾಸ ಅಂತ ಹೇಳೂದಿಲ್ಲ. ಹೇಳಿದ್ವಿ ಅಂದ್ರ ಎಲ್ರೂ ಉಂಡಿ ತಿಂದು ಬರ್ತಾರ. ಬರೇ ಹೊಟ್ಟೀಲೆ ಬರ್ರಿ ಅಂತೀವಿ. ನಮಗ ಮೊದಲು ಕಲಿಸೂದ ಅದನ್ನ."

ನಾನು ನಗಲಿಲ್ಲ. ಮರುದಿನ ನೀರು ಕೂಡ ಕುಡಿಯದೆ ಹೋದೆ. ರಕ್ತದಲ್ಲಿ ಏನೂ ಇರಲಿಲ್ಲ. ಊಟವಾದ ಮೇಲೆ ಇನ್ನೊಮ್ಮೆ ತೆಗೆಯಿರಿ, ಸಂಜೆ ಇನ್ನೊಮ್ಮೆ ತೆಗೆಯಿರಿ ಎಂದು ಹಟ ಹಿಡಿದೆ. ಎಲ್ಲಿ ಏರಬೇಕೋ ಅಲ್ಲಿ ಏರಿತ್ತು, ಎಲ್ಲಿ ಇಳಿಯಬೇಕೋ ಅಲ್ಲಿ ಇಳಿದಿತ್ತು. ಎಲ್ಲರ ರಕ್ತದಂಥ ರಕ್ತ. "ನಿಮಗ ಸಕ್ರಿ ಐತಿ ಅಂತ ಯಾರ್ ಹೇಳಿದ್ರಿ?" ಎಂದು ಅಲ್ಲಿಯ ಡಾಕ್ಟರು ಕೇಳಿದರು. ಮೊದಲು ಕಲಿಸುವುದೇ ಅದನ್ನಂತೆ. ಹಾಗಾದರೆ ಮಾಮಾನಿಗೂ ಕಲಿಸಿದ್ದರಲ್ಲ.

ಹೊಲಿಗೆ ಬಿಚ್ಚಿದ ಮೇಲೆ ಅವ್ವನಿಗೆ ಹೇಳದೆ ಗಂಗಾವತಿಯ ಬಸ್ಸು ಹತ್ತಿದೆ. ಮಾಮಾ ಅಷ್ಟೊತ್ತಿಗೆ ಸ್ವಂತ ಲ್ಯಾಬು ಹಾಕಿದ್ದ. ನನ್ನನ್ನು ನೋಡಿ ಹಿಗ್ಗಿ, "ಬಾ ಬಾ, ಚಾ ತರಸ್ತೀನಿ, ಸಕ್ರಿ ಇಲ್ದ," ಎಂದ.

"ಸಕ್ರಿ ಹಾಕಿಸು," ಎಂದೆ. "ಅವತ್ತು ಆ ಮುದುಕಗ ಬರೇ ಹೊಟ್ಟೀಲೆ ಅಂದಿ. ನನಗ್ಯಾಕ ಉಪ್ವಾಸ ಅಂದಿ ಮಾಮಾ?"

ಅವನ ಮುಖ ಇಳಿಯಿತು. ಬಾಗಿಲು ಮುಂದಕ್ಕೆ ದಬ್ಬಿದ. "ಆಗಿದ್ದು ಆಗಿ ಹೋತು, ಈಗ್ಯಾಕ ಅದು?"

"ಒಲ್ಲೆ ಅನ್ನಾಕ ಬಾಯಿ ಇರ್ಲಿಲ್ಲೇನು ನಿನಗ? ಒಲ್ಲೆ ಅಂದಿದ್ರ ನಾಕ್ ದಿನ ಅಳತಿದ್ದೆ, ಇನ್ನೊಬ್ಬನ್ನ ಮಾಡ್ಕೋತಿದ್ದೆ. ರೋಗ ಯಾಕ ಹಚ್ಚಿದಿ? ನಿನ್ನ ಬಾಯಾಗ ಮಣ್ಣು ಬೀಳ್ಲಿ!"

ಹೊರಗೆ ಕಾಯುತ್ತಿದ್ದವರು ಇಣುಕಿ ನೋಡಿದರು. ಅವನು ನಾಚಿಕೆಯಿಂದಲೋ ಹೆದರಿಕೆಯಿಂದಲೋ ಬೆವರುತ್ತಿದ್ದ. ಕಡೆಗೆ, ನನ್ನನ್ನು ಹೊರಗೆ ಕಳಿಸಿದರೆ ಸಾಕು ಎಂಬಂತೆ ಅಂದ, "ನಾ ಒಬ್ಬನ ಮಾಡಿಲ್ಲ. ಮನಿಗೆ ಹೋಗಿ ನಿಮ್ಮವ್ವನ್ನ ಕೇಳು."

ಯಲಬುರ್ಗಾ ದಾಟಿ ಊರು ಮುಟ್ಟುವವರೆಗೂ ಅವನು ತನ್ನ ತಪ್ಪನ್ನು ಅವ್ವನ ತಲೆಗೆ ಕಟ್ಟುತ್ತಿದ್ದಾನೆ ಎಂದೇ ಹಲ್ಲು ಕಡಿದುಕೊಂಡು ಕುಳಿತಿದ್ದೆ. ಅವ್ವ ಅಂಗಳದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಚಪ್ಪಲಿ ಕೂಡ ಬಿಡದೆ ಮುಂದೆ ನಿಂತು ಹೇಳಿದೆ, "ನನಗ ಸಕ್ರಿ ಇಲ್ಲಂತ ಬೇ."

ಅವಳು ಬೆರಗಾಗಲಿಲ್ಲ. ಅಯ್ಯೋ ಎನ್ನಲಿಲ್ಲ, ಸದ್ಯ ಎನ್ನಲಿಲ್ಲ, ಖರೇನಾ ಎಂದು ಕೇಳಲಿಲ್ಲ. ಬೇಳೆಯ ಮೇಲೆ ಓಡುತ್ತಿದ್ದ ಬೆರಳು ನಿಂತವು, ಅಷ್ಟೇ.

"ನಿನಗ ಗೊತ್ತಿತ್ತು," ಎಂದೆ.

ಬೇಳೆಯನ್ನು ಪಕ್ಕಕ್ಕೆ ಸರಿಸಿ ಹೇಳಿದಳು. "ಅಂವ ಬಂದು ಕಾಲು ಹಿಡಕೊಂಡ. ಆ ಹುಡುಗೀನ್ನ ಬಿಟ್ರ ಬಾವಿ ಬೀಳ್ತೀನಿ ಅಂದ. ಅಂವ ಒಲ್ಲೆ ಅಂದ್ರ ನಿಮ್ಮಪ್ಪನ ಕಡಿಯವ್ರು ಸುಮ್ಮನಿರತಿದ್ರೇನು? ಜಗಳಾಗಿ ತವರುಮನಿ ಬಾಗಲಾ ನನಗ ಮುಚ್ಚತಿತ್ತು. ರಕ್ತದ ಮ್ಯಾಲೆ ಹಾಕಿದ್ರ ಯಾರ ಮ್ಯಾಲೂ ಬರೂದಿಲ್ಲ ಅಂದ."

"ನನ್ನ ಮ್ಯಾಲೆ ಬಂತಲ್ಲ ಯವ್ವಾ!"

"ಬ್ಯಾರೆ ಗಂಡು ಸಿಗತೈತಿ ಅಂತ ಮಾಡಿದ್ದೆ. ಊರೆಲ್ಲ ಹಬ್ಬತೈತಿ ಅಂತ ನನಗೇನು ಕನಸು ಬಿದ್ದಿತ್ತೇನು?"

"ಮತ್ತ ಇಷ್ಟು ವರ್ಷ ಪಥ್ಯ ಯಾಕ ಮಾಡಿಸಿದಿ? ಬಂದ ಉಂಡಿ ತಿರುಗಿ ಕಳಿಸಿದ್ಯಲ್ಲ, ಯಾಕ?"

"ಬಿಡಿಸಿದ್ರ ನಿನಗ ತಿಳೀತಿತ್ತು," ಎಂದಳು, ಇದು ತಿಳಿಯದ್ದೇನು ಎಂಬಂತೆ.

ನಾನು ಅವಳ ಮುಂದೆ ಕುಳಿತೆ. ನಾನು ಕೇಳಬೇಕಾಗಿದ್ದು ಒಂದೇ ಉಳಿದಿತ್ತು. "ಅಂವ ನಿನ್ನ ತಮ್ಮ, ಖರೆ. ನಾ ನಿನ್ನ ಮಗಳಲ್ಲೇನು? ಇರಾಕಿ ಒಬ್ಬಾಕಿ ಮಗಳು."

ಅವ್ವ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತು, ಅದು ನಾಟಕದ ನೀರಲ್ಲ. ಆದರೂ ಅವಳು ಹೇಳಿದ್ದು ಇಷ್ಟೇ. "ತವರುಮನಿ ನನಗ ಒಂದ ಇತ್ತವ್ವಾ. ನೀ ಹೆಂಗಿದ್ರೂ ಕೊಟ್ಟ ಮನಿಗೆ ಹೋಗಾಕಿ."

ಆ ಮಾತು ಹೇಳಿದ್ದು ನನ್ನ ಮನೆಯ ಅಂಗಳದಲ್ಲಿ ಕುಳಿತು. ನನ್ನನ್ನು ಯಾರಿಗೂ ಕೊಟ್ಟಿರಲಿಲ್ಲ. ಹೊತ್ತು ಮುಳುಗುತ್ತಿತ್ತು, ಅವಳು ಉಣ್ಣುವ ಹೊತ್ತು. ನಾನು ಎದ್ದು ಒಳಗೆ ಹೋಗಿ ಅವಳಿಗೆ ರೊಟ್ಟಿ ಬಡಿಯಲು ಕುಳಿತೆ.